ಗ್ಯಾರೇಜಿನಲ್ಲಿ ಬಿಯರು, ರಸ್ತೆಯಲ್ಲಿ ಕಾರು

ಕೆಲವರಿಗೆ ಅವಾಂತರಗಳು ತಾವಾಗಿಯೇ ಬಂದು ಒದಗುತ್ತವೆ. ನನಗೆ ಹಾಗಲ್ಲ. ನಾನು ಬಿಡಿಭಾಗಗಳನ್ನು ತರಿಸಿ, ಶನಿವಾರ ಭಾನುವಾರ ಕೂತು ಜೋಡಿಸಿ, ಸ್ವಿಚ್ಚು ಹಾಕಿದ ಮೇಲೆಯೇ ಅವು ಶುರುವಾಗುವುದು. ಒಮ್ಮೆ ಹಿತ್ತಲಿನ ಗಿಡಗಳಿಗೆ ತಾನಾಗಿ ನೀರು ಬಿಡುವ ಏರ್ಪಾಟು ಮಾಡಿದ್ದೆ. ಗಿಡಗಳು ಒಣಗಿದವು, ಟಪಾಲು ತಂದವನು ನೆಂದ. ಬಿಯರಿನ ಕಥೆಯೂ ಇದೇ ಜಾತಿಯದು, ಸ್ವಲ್ಪ ಹೆಚ್ಚು ದಿನ ನಡೆಯಿತು ಅಷ್ಟೆ.

ಅರ್ಧ ಯಂತ್ರ, ಅರ್ಧ ನಾನು

ಆಫೀಸಿನ ಸಹೋದ್ಯೋಗಿಯೊಬ್ಬ ಮನೆಯಲ್ಲೇ ಮಾಡಿದ ಬಿಯರು ತಂದು ಕುಡಿಸಿದ. ಚೆನ್ನಾಗಿತ್ತು. ಹೇಗೆ ಮಾಡಿದೆ ಅಂತ ಕೇಳಿದೆ. "ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ನುಚ್ಚು ಸಿಗುತ್ತೆ. ಬಿಸಿನೀರಲ್ಲಿ ಒಂದು ಗಂಟೆ ನೆನೆಸು, ಸೋಸು, ಕುದಿಸು, ತಣಿಸು. ಯೀಸ್ಟು ಹಾಕಿ ಎರಡು ವಾರ ಮರೆತುಬಿಡು" ಅಂದ. ಅವನ ಹತ್ತಿರ ಇದ್ದದ್ದು ಒಂದು ದೊಡ್ಡ ಪಾತ್ರೆ, ಒಂದು ಸೌಟು. ಇಷ್ಟು ಸುಲಭವಾದ ಕೆಲಸವನ್ನು ಹಾಗೇ ಬಿಡಲು ನನ್ನಂಥ ಇಂಜಿನಿಯರಿಗೆ ಮನಸ್ಸು ಬರಲಿಲ್ಲ.

ಇದಕ್ಕೆಂದೇ ತಯಾರಾದ ಯಂತ್ರಗಳು ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಕೊಳ್ಳಲು ಹೆಂಡತಿಯ ಒಪ್ಪಿಗೆ ಬೇಕು, ಹಾಗಾಗಿ ನಾನೇ ಅಗ್ಗದಲ್ಲಿ ಮಾಡುವುದೆಂದು ತೀರ್ಮಾನಿಸಿದೆ. ಪಾಲೋ ಆಲ್ಟೋದಲ್ಲಿ ಓದು ಮುಗಿಸಿ ಊರು ಬಿಡುತ್ತಿದ್ದ ಹುಡುಗಿಯೊಬ್ಬಳು ಹಳೆಯ ಫ್ರಿಜ್ಜನ್ನು ಪುಕ್ಕಟೆ ಕೊಟ್ಟಳು. ಯೀಸ್ಟು ಹಾಕಿದ ಬಿಯರನ್ನು ಹುದುಗು ಬರಲು ಇಡುವುದಕ್ಕೆ ಅದು. ಜೊತೆಗೆ ಸ್ಟೀಲಿನ ಹಂಡೆ, ಕರೆಂಟಿನ ಹೀಟರು, ಅಂಗೈಯಗಲದ ಪಂಪು, ಶಾಖ ಅಳೆಯುವ ಸೆನ್ಸರುಗಳು, ಇವುಗಳನ್ನೆಲ್ಲ ಆಳಲು ಒಂದು ಪುಟ್ಟ ಕಂಪ್ಯೂಟರು. ಸನ್ನಿವೇಲ್‌ನ ನಮ್ಮ ಗ್ಯಾರೇಜಿನಲ್ಲಿ ಇವೆಲ್ಲ ನೆಲೆಯಾದ ಮೇಲೆ ಹೆಂಡತಿಯ ಕಾರಿಗೆ ಜಾಗ ಉಳಿಯಲಿಲ್ಲ. ಅದು ರಸ್ತೆಗೆ ಹೋಯಿತು.

ಅವಳು ಬಂದು ಸುತ್ತಲೂ ನೋಡಿದಳು. "ಇದು ಪೂರ್ತಿ ಆಟೋಮ್ಯಾಟಿಕ್ಕಾ?"

"ಸೆಮಿ. ನೀರು ಕಾಯಿಸೋದು, ಪಂಪು ಓಡಿಸೋದು, ಟೆಂಪರೇಚರ್ ನೋಡ್ಕೊಳ್ಳೋದು ಎಲ್ಲ ಅದೇ ಮಾಡುತ್ತೆ."

"ಮತ್ತೆ ನೀನು?"

"ಅದು ಮಾಡ್ತಾ ಇದೆಯಾ ಅಂತ ನೋಡ್ತಾ ಕೂತಿರ್ತೀನಿ."

ರಸ್ತೆಬದಿಯ ಮರದಲ್ಲಿ ಕೂರುವ ಹಕ್ಕಿಗಳು ಅವಳ ಕಾರಿಗೆ ಮಾಡಿದ್ದ ಅಲಂಕಾರವನ್ನು ತೋರಿಸಿ ಅವಳು ಷರತ್ತು ಹಾಕಿದಳು. "ಮೂರು ಸಲ ಮಾಡು. ಅಷ್ಟರೊಳಗೆ ನಿನ್ನನ್ನು ಬಿಟ್ಟು ಇನ್ಯಾರಾದ್ರೂ ಒಂದು ಗ್ಲಾಸು ಪೂರ್ತಿ, ಬಲವಂತ ಇಲ್ದೆ, ನನ್ನ ಕಣ್ಣೆದುರಿಗೆ ಕುಡಿದ್ರೆ ಗ್ಯಾರೇಜು ನಿನ್ನದು. ಇಲ್ಲಾಂದ್ರೆ ನನ್ನ ಕಾರು ಒಳಗೆ, ಇದೆಲ್ಲ ಹೊರಗೆ."

ನಿಜ ಹೇಳಬೇಕೆಂದರೆ ನನಗೆ ಬಿಯರಿಗಿಂತ ಆ ಗ್ಯಾರೇಜೇ ಮುಖ್ಯವಾಗಿತ್ತು. ಆಫೀಸಿನಲ್ಲಿ ನಾನು ಬರೆಯುವ ಕೋಡು ಎಲ್ಲಿ ಹೋಗಿ ಯಾರಿಗೆ ಉಪಯೋಗವಾಗುತ್ತದೋ ನನಗೇ ತಿಳಿಯದು. ಇಲ್ಲಿ ಒಂದು ಸಾಲು ಬರೆದರೆ ಕಣ್ಣೆದುರಿಗೆ ನೀರು ಹರಿಯುತ್ತಿತ್ತು. ಅದನ್ನು ಕಳೆದುಕೊಳ್ಳುವ ಯೋಚನೆಯೇ ಸಂಕಟ ತರುತ್ತಿತ್ತು. ಒಂದು ಗ್ಲಾಸು ತಾನೇ, ಒಪ್ಪಿಕೊಂಡೆ. ನನಗೆ ಗೆಳೆಯರು ಇದ್ದಾರೆ ಎಂಬ ನಂಬಿಕೆ ಆಗ ಇತ್ತು.

ಅಲುಗಾಡದ ಗ್ರಾಫು

ಮೊದಲ ಬಿಯರು ಹಾಕಿದ್ದು ಮನೆಯಿಂದ ಕೆಲಸ ಮಾಡುವ ದಿನ. ಹಂಡೆಗೆ ನೀರು, ನುಚ್ಚು ಹಾಕಿ, ಸೆನ್ಸರನ್ನು ಒಳಗೆ ಇಳಿಬಿಟ್ಟು, ಮಹಡಿಯ ಮೇಲೆ ಹೋಗಿ ಮೀಟಿಂಗಿಗೆ ಕೂತೆ. ಕಂಪ್ಯೂಟರಿನ ಒಂದು ಮೂಲೆಯಲ್ಲಿ ಹಂಡೆಯ ಶಾಖದ ಗ್ರಾಫು ಬರುತ್ತಿತ್ತು. ಗೀಟೆಳೆದ ಹಾಗೆ ನೆಟ್ಟಗೆ ಹೋಗುತ್ತಿದೆ. ಸ್ವಲ್ಪವೂ ಏರುತ್ತಿಲ್ಲ. ನೀರು ಬಹಳ, ನಿಧಾನಕ್ಕೆ ಕಾಯಬಹುದು ಅಂದುಕೊಂಡೆ.

ನನ್ನ ಸರದಿ ಬಂದಾಗ ಗಡಿಬಿಡಿಯಲ್ಲಿ ಆಫೀಸಿನ ಪರದೆಯ ಬದಲು ಈ ಗ್ರಾಫನ್ನೇ ಎಲ್ಲರಿಗೂ ತೋರಿಸಿಬಿಟ್ಟೆ. ಮ್ಯಾನೇಜರು ಕುರ್ಚಿಯಲ್ಲಿ ಮುಂದೆ ಬಾಗಿ ನೋಡಿದರು. "ಎಷ್ಟು ಸ್ಟೇಬಲ್ ಆಗಿದೆ! ನಮ್ಮ ಯಾವ ಸಿಸ್ಟಮ್ಮೂ ಹೀಗೆ ಇಲ್ಲವಲ್ಲ. ಯಾವುದಿದು?"

"ಇನ್ನೂ ಟೆಸ್ಟಿಂಗಲ್ಲಿದೆ" ಅಂದೆ. ಅದೇ ಹೊತ್ತಿಗೆ ಕೆಳಗಿನಿಂದ ಭುಸ್ ಅಂತ ಸದ್ದು ಕೇಳಿತು.

ಓಡಿ ಹೋಗಿ ನೋಡಿದರೆ ಹಂಡೆ ಉಕ್ಕಿ ನೆಲವೆಲ್ಲ ಗಂಜಿ. ಸೆನ್ಸರು ಯಾವಾಗಲೋ ಜಾರಿ ಹೊರಗೆ ಬಿದ್ದು, ಕಾಲೊರೆಸುವ ಚಾಪೆಯ ಮೇಲೆ ತಣ್ಣಗೆ ಮಲಗಿತ್ತು. ಅದು ಪ್ರಾಮಾಣಿಕವಾಗಿ ಚಾಪೆಯ ಶಾಖವನ್ನು ಹೇಳುತ್ತಾ ಇತ್ತು. ಹೀಟರು ಪಾಪ, ಚಾಪೆ ಬಿಸಿಯಾಗಲಿ ಎಂದು ಒಂದೂವರೆ ಗಂಟೆಯಿಂದ ದುಡಿಯುತ್ತಿತ್ತು.

ಪಂಪಿನೊಳಗಿನ ಗಂಜಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಉಳಿದದ್ದಕ್ಕೆ ಹಟದಿಂದ ಯೀಸ್ಟು ಹಾಕಿದೆ. ಮೂರು ವಾರದ ನಂತರ ಎದುರುಮನೆಯವರನ್ನು ಕರೆದೆ. ಅವರು ಮಂಗಳೂರಿನವರು, ಒಳ್ಳೆಯ ಮನುಷ್ಯ, ಯಾರು ಏನು ಕೊಟ್ಟರೂ ಬೇಡ ಅನ್ನುವುದಿಲ್ಲ. ಒಂದು ಗುಟುಕು ಕುಡಿದು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು.

"ಕಷಾಯ ಅಂತ ಹೇಳಿ ಕೊಟ್ರೆ ಕುಡೀಲಿಕ್ಕೆ ಅಡ್ಡಿಯಿಲ್ಲ ಮಾರಾಯ್ರೆ. ಆದ್ರೆ ಮೊದಲು ಒಂದು ಜ್ವರ ಬರ್ಬೇಕು."

ಯಂತ್ರಕ್ಕೂ ರಜೆ

ಅಷ್ಟರಲ್ಲಿ ಧಾರವಾಡದಿಂದ ಅತ್ತೆ ಬಂದರು, ಆರು ತಿಂಗಳಿಗೆ. ಅವರ ಎದುರು ಬಿಯರು ಮಾಡುವುದು ಹೇಗಪ್ಪಾ ಅಂತ ನಾನು ಬೆವರುತ್ತಿದ್ದರೆ, ನನ್ನ ಹೆಂಡತಿ ಅವ್ವನಿಗೆ ಫೋನಿನಲ್ಲೇ ಎಲ್ಲ ಹೇಳಿಬಿಟ್ಟಿದ್ದಳು.

ಈ ಪರದೇಶದಲ್ಲಿ ಹಬ್ಬಗಳು ಪಂಚಾಂಗದಲ್ಲಿ ಯಾವತ್ತೇ ಇರಲಿ, ಮನೆಗೆ ಬರುವುದು ಶನಿವಾರ. ಆಯುಧಪೂಜೆಯೂ ಹಾಗೆಯೇ ಬಂತು. ನಾನು ಎರಡನೇ ಬಿಯರಿಗೆ ಆರಿಸಿಕೊಂಡದ್ದೂ ಅದೇ ಶನಿವಾರ. ಈ ಸಲ ಸೆನ್ಸರಿಗೆ ಮೂರು ಗಂಟು ಹಾಕಿ ಕಟ್ಟಿದ್ದೆ. ಶಾಖ ಸರಿಯಾಗಿ ನಿಂತಿತ್ತು, ಪಂಪು ಜುಳುಜುಳು ಅನ್ನುತ್ತಿತ್ತು, ನಾನು ಸುಖವಾಗಿ ನೋಡುತ್ತಾ ಕೂತಿದ್ದೆ. ಎರಡು ಕಾರು, ಮೂರು ಲ್ಯಾಪ್‌ಟಾಪು, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರು ಎಲ್ಲಕ್ಕೂ ಪೂಜೆ ಮುಗಿಸಿದ ಅತ್ತೆ ಆರತಿ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದರು.

"ಅತ್ತೆ, ಇದಕ್ಕೆ ಪೂಜೆ ಬೇಡ. ಇದು... ನಿಮಗೆ ಗೊತ್ತಲ್ಲ" ಅಂದೆ.

"ಗೊತ್ತೈತ್ರಿ. ಕುಡ್ಯಾವ್ರು ನೀವು. ಮಷೀನ್ ಏನ್ ತಪ್ಪ್ ಮಾಡೇತಿ?"

ಹಂಡೆಗೆ ವಿಭೂತಿ ಎಳೆದರು, ಪಂಪಿಗೆ ಕುಂಕುಮ ಹಚ್ಚಿದರು, ಪುಟ್ಟ ಕಂಪ್ಯೂಟರಿನ ಮೇಲೆ ಚೆಂಡುಹೂವು ಇಟ್ಟರು. ಆರತಿ ಎತ್ತಿ ಆದ ಮೇಲೆ, "ಇನ್ನ ಬಂದ್ ಮಾಡ್ರಿ. ಪೂಜಾ ಆದ ಮ್ಯಾಲ ಇವತ್ತ ಅದಕ್ಕ ಕೆಲಸ ಹಚ್ಚಬಾರದು" ಅಂದರು.

"ಅತ್ತೆ, ನಡುವೆ ನಿಲ್ಲಿಸಿದ್ರೆ ಎಲ್ಲ ಹಾಳಾಗುತ್ತೆ!"

"ವರ್ಷಕ್ಕ ಒಂದ್ ದಿನ ರಜಾ ಕೊಟ್ರ ಹಾಳಾಕ್ಕೈತೇನು? ನಿಮ್ಮ ಆಫೀಸಿನವ್ರು ನಿಮಗ ಹಿಂಗ ಅಂದ್ರ ಸುಮ್ನ ಇರ್ತೀರೇನ್ರಿ?"

ನನ್ನ ಆಫೀಸಿನವರು ಹಾಗೆಯೇ ಅನ್ನುತ್ತಾರೆ, ನಾನು ಸುಮ್ಮನೆಯೇ ಇರುತ್ತೇನೆ. ಅದನ್ನು ಅತ್ತೆಯ ಮುಂದೆ ಹೇಳಲಾಗದೆ ಸ್ವಿಚ್ಚು ಆರಿಸಿದೆ. ಬೆಚ್ಚಗಿನ ಬಾರ್ಲಿ ಮರುದಿನದವರೆಗೆ ಹಂಡೆಯಲ್ಲೇ ವಿಶ್ರಾಂತಿ ಪಡೆಯಿತು. ಭಾನುವಾರ ಮುಚ್ಚಳ ತೆಗೆದಾಗ ಹಳಸಿದ ಮಜ್ಜಿಗೆಯ ವಾಸನೆ.

ಹುಳಿ ಬಿಯರು ಈಗಿನ ಫ್ಯಾಶನ್ನು ಎಂದು ಎಲ್ಲೋ ಓದಿದ್ದೆ. ಅದೇ ಧೈರ್ಯದ ಮೇಲೆ ಬಾಟಲಿ ತುಂಬಿಸಿದೆ. ಎದುರುಮನೆಯವರು ಬಂದರು, ಹೆಂಡತಿ ಸಾಕ್ಷಿಯಾಗಿ ನಿಂತಳು. ಅವರು ಕಣ್ಣು ಮುಚ್ಚಿ ಅರ್ಧ ಗ್ಲಾಸು ಇಳಿಸಿಯೇಬಿಟ್ಟರು. ಇನ್ನರ್ಧ, ಇನ್ನರ್ಧ ಮಾತ್ರ.

"ಸಾಕು ಮಾರಾಯ್ರೆ, ಡ್ರೈವ್ ಮಾಡ್ಲಿಕ್ಕುಂಟು" ಅಂದು ಎದ್ದರು.

ರಸ್ತೆ ದಾಟಿ, ನಡೆದುಕೊಂಡೇ ಮನೆಗೆ ಹೋದರು.

ಇಪ್ಪತ್ತು ಡಿಗ್ರಿ

ಮೂರನೆಯದು ಕೊನೆಯ ಅವಕಾಶ. ಪೂಜೆ ಪುನಸ್ಕಾರ ಯಾವುದೂ ಇಲ್ಲದ ದಿನ ನೋಡಿ, ರಜೆ ಹಾಕಿ, ಹಂಡೆಯ ಪಕ್ಕದಿಂದ ಏಳದೆ ಮಾಡಿ ಮುಗಿಸಿದೆ. ಒಂದೂ ತಪ್ಪಾಗಲಿಲ್ಲ. ಫ್ರಿಜ್ಜಿನೊಳಗೆ ಇಟ್ಟು ಅರವತ್ತಾರು ಡಿಗ್ರಿ ಫ್ಯಾರನ್‌ಹೀಟಿಗೆ ನಿಲ್ಲಿಸಿದೆ. ಚಳಿಯಾದರೆ ಬೆಚ್ಚಗೆ ಮಾಡಲು ಒಳಗೊಂದು ಹೀಟರಿನ ಪಟ್ಟಿಯೂ, ಶಾಖ ಏರಿಸಿ ಇಳಿಸಲು ಬಾಗಿಲ ಮೇಲೆ ಗುಂಡಿಗಳೂ ಇದ್ದವು. ಈ ಶಾಖದಲ್ಲಿ ಯೀಸ್ಟು ನೆಮ್ಮದಿಯಿಂದ ಕೆಲಸ ಮಾಡುತ್ತದೆ. ಹೆಚ್ಚು ಬಿಸಿಯಾದರೆ ಅದಕ್ಕೆ ತಲೆ ಕೆಡುತ್ತದೆ.

ಆ ವಾರ ಎಮರಿವಿಲ್‌ನಲ್ಲಿ ನನಗೆ ಟ್ರೈನಿಂಗು. ಸೋಮವಾರ ಫ್ರೀವೇಯಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದಾಗ ಫೋನು ತೆಗೆದು ನೋಡಿದೆ. ಫ್ರಿಜ್ಜಿನೊಳಗೆ ಎಂಬತ್ತಾರು ಡಿಗ್ರಿ! ಒಮ್ಮೆ ಮೋಸ ಹೋದವನು ನಾನು. ಸೆನ್ಸರು ಮತ್ತೆ ಸುಳ್ಳು ಹೇಳುತ್ತಿದೆ ಎಂದು ಖಚಿತವಾಯಿತು. ಸಂಜೆ ಮನೆಗೆ ಬಂದು ಬಾಗಿಲು ತೆಗೆದು ನೋಡಬಹುದಿತ್ತು. ಅದು ಅನಾಗರಿಕರ ಪದ್ಧತಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೆನ್ಸರು ಏನೇ ಹೇಳಲಿ, ಅದರಲ್ಲಿ ಇಪ್ಪತ್ತು ಕಳೆದು ತೋರಿಸುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಗ್ರಾಫು ಅರವತ್ತಾರಕ್ಕೆ ಬಂದು ನಿಂತಿತು. ಬಹಳ ಹೆಮ್ಮೆಯೆನಿಸಿತು.

ಶುಕ್ರವಾರ ಸಂಜೆ ಬಿಯರಿನ ದರ್ಶನಕ್ಕೆಂದು ಫ್ರಿಜ್ಜು ತೆರೆದೆ. ಒಳಗಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಬಿಯರಿನ ಪಕ್ಕದಲ್ಲೇ ದೊಡ್ಡ ಪಾತ್ರೆಯಲ್ಲಿ ದೋಸೆ ಹಿಟ್ಟು, ಮುಚ್ಚಳವನ್ನು ಎತ್ತಿಕೊಂಡು ಉಬ್ಬಿ ನಿಂತಿತ್ತು.

"ನಿಮ್ಮ ಈ ಕಪಾಟ್ ಭಾಳ ಚಲೋ ಐತ್ರಿ ಅಳಿಯಂದ್ರ" ಅಂದರು ಹಿಂದೆ ಬಂದು ನಿಂತ ಅತ್ತೆ. "ಈ ಥಂಡ್ಯಾಗ ಹಿಟ್ಟು ಹುಳಿನ ಬರವಲ್ದಾಗಿತ್ತು. ಗುಂಡಿ ಒತ್ತಿ ಒಂದೀಟು ಬೆಚ್ಚಗ ಮಾಡೇನಿ. ಈಗ ನೋಡ್ರಿ!"

"ಯಾವಾಗಿಂದ ಅತ್ತೆ?"

"ಸೋಮವಾರದಿಂದ. ಇದು ಮೂರನೇ ಹಿಟ್ಟು."

ಅಂದರೆ ಆ ವಾರ ನಮ್ಮ ಮನೆಯಲ್ಲಿ ಸತ್ಯ ಹೇಳಿದ್ದು ಸೆನ್ಸರು ಒಂದೇ. ಬಿಯರು ಮೂಸಿದೆ. ಕೊಳೆತ ಬಾಳೆಹಣ್ಣಿಗೆ ಉಗುರುಬಣ್ಣ ಬೆರೆಸಿದ ಹಾಗಿತ್ತು. ನನ್ನ ಗ್ಯಾರೇಜು ಹೋಯಿತು ಅಂತ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ, ಕಣ್ಣಲ್ಲಿ ನೀರೇ ಬಂತು. ದೋಸೆಗಳ ಬಗ್ಗೆ ಮಾತ್ರ ಕೆಟ್ಟದ್ದು ಹೇಳಲಾರೆ. ಆ ದುಃಖದಲ್ಲಿ ಏಳು ತಿಂದೆ.

ಖಾಲಿ ಬಾಟಲಿಗಳು

ಚೆಲ್ಲಲು ಮನಸ್ಸಾಗದೆ ಬಾಟಲಿ ತುಂಬಿಸಿ, ಎರಡನ್ನು ಎದುರುಮನೆಗೆ ಕೊಟ್ಟೆ. "ನಿಧಾನಕ್ಕೆ ಕುಡೀರಿ. ಯೀಸ್ಟು ಸೋಸಿಲ್ಲ, ಇನ್ನೂ ಜೀವಂತ ಇದೆ" ಅಂದೆ. ಅವರು ಬಾಂಬು ಇಸಿದುಕೊಂಡ ಹಾಗೆ ಇಸಿದುಕೊಂಡರು.

ನಾಲ್ಕು ದಿನಕ್ಕೆ ಅವರೇ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಖಾಲಿ ಬಾಟಲಿ. "ಇನ್ನುಂಟಾ ಮಾರಾಯ್ರೆ?"

ನಾನು ಕಿವಿಯನ್ನು ನಂಬಲಿಲ್ಲ. ಮತ್ತೆರಡು ಕೊಟ್ಟೆ. ಮುಂದಿನ ವಾರ ಅವೂ ಖಾಲಿ. ಫ್ರಿಜ್ಜು ಬಿಸಿಯಾದದ್ದೇ ಒಳ್ಳೆಯದಾಯಿತು, ನಾನು ಅರಿಯದೆಯೇ ಹೊಸ ರುಚಿಯೊಂದನ್ನು ಕಂಡುಹಿಡಿದಿದ್ದೇನೆ ಅನ್ನಿಸಿತು. ಹೆಂಡತಿಯ ಮುಂದೆ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಗ್ಯಾರೇಜು ನನ್ನದು ಅಂದೆ.

"ನನ್ನ ಕಣ್ಣೆದುರಿಗೆ ಅಂತ ಹೇಳಿದ್ದೆ" ಅಂದಳು. ಭಾನುವಾರ ಸಂಜೆ ಎದುರುಮನೆ ಗಂಡ ಹೆಂಡತಿಯನ್ನು ಚಹಕ್ಕೆ ಕರೆದೆವು.

ಅವರ ಹೆಂಡತಿ ಒಂದು ಡಬ್ಬಿ ತುಂಬ ಬಿಸಿ ಸನ್ನ ತಂದಿದ್ದರು. ಇಡ್ಲಿಯ ಹಾಗೇ ಇರುತ್ತದೆ, ಆದರೆ ಇನ್ನೂ ಮೆತ್ತಗೆ, ಸ್ವಲ್ಪ ಸಿಹಿ. ಅತ್ತೆ ಒಂದು ತಿಂದು, ಇನ್ನೊಂದು ತಿಂದು, ನಾಲ್ಕನೆಯದಕ್ಕೆ ಕೈ ಹಾಕಿದ್ದರು. ನಾನು ದೊಡ್ಡ ಗ್ಲಾಸಿನ ತುಂಬ ಬಿಯರು ಸುರಿದು ಎದುರುಮನೆಯವರ ಮುಂದಿಟ್ಟೆ. ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಅವರು ಗ್ಲಾಸು ನೋಡಿದರು, ನನ್ನನ್ನು ನೋಡಿದರು. ಹಣೆಯಲ್ಲಿ ಬೆವರು.

"ಸಂಕೋಚ ಬೇಡ" ಅಂದೆ. "ವಾರಕ್ಕೆ ಎರಡು ಬಾಟಲಿ ಕುಡಿಯೋರು ನೀವು."

"ಕುಡಿಯೋದಾ?" ಅವರ ಹೆಂಡತಿಗೆ ನಗು ಬಂತು. "ಇದನ್ನು ಯಾರು ಕುಡೀತಾರೆ ಮಾರಾಯ್ರೆ! ನಾನು ಸನ್ನದ ಹಿಟ್ಟಿಗೆ ಹಾಕೋದು. ಊರಲ್ಲಾದ್ರೆ ಶೇಂದಿ ಹಾಕ್ತೇವೆ, ಇಲ್ಲಿ ಶೇಂದಿ ಎಲ್ಲಿ ಸಿಗ್ತದೆ? ನಿಮ್ಮದು ಹಾಕಿದ ಮೇಲೆ ನೋಡಿ, ಹೇಗೆ ಉಬ್ತದೆ!"

ಅತ್ತೆಯ ಕೈ ಬಾಯಿಯ ಹತ್ತಿರವೇ ನಿಂತಿತು.

"ಅಂದ್ರ ಅಳಿಯಂದ್ರು ಮಾಡಿದ್ದು ಇದರಾಗೈತೇನು?"

"ಹೌದಮ್ಮ" ಅಂದರು ಆಕೆ, ಈಗ ಸಣ್ಣ ದನಿಯಲ್ಲಿ.

"ಉಗಿ ಮ್ಯಾಲ ಬೇಯ್ಸೀರಿಲ್ಲೋ?"

"ಇಪ್ಪತ್ತು ನಿಮಿಷ."

"ಹಂಗಾದ್ರ ನಿಶಾ ಎಲ್ಲಾ ಹಾರಿ ಹೋಗಿರ್ತೈತಿ ಬಿಡ್ರಿ" ಎಂದು ಅತ್ತೆ ನಾಲ್ಕನೆಯದನ್ನು ಬಾಯಿಗಿಟ್ಟರು, ಐದನೆಯದನ್ನು ತಟ್ಟೆಗೆ ಹಾಕಿಕೊಂಡರು.

ಹೆಂಡತಿ ಎದ್ದು ನಿಂತಳು. "ಯಾರೂ ಕುಡಿದಿಲ್ಲ. ಮೂರು ಸಲ ಮುಗೀತು. ನಾಳೆಯಿಂದ ಕಾರು ಒಳಗೆ."

ಅತ್ತೆ ಸಾವಕಾಶವಾಗಿ ಅಗಿದು, ನುಂಗಿ, ನೀರು ಕುಡಿದು ಮಗಳ ಕಡೆ ತಿರುಗಿದರು.

"ಕಾರ್ ಏನ್ ಹುಳಿ ಬರೂದೈತೇನ? ಹೊರಗ ನಿಲ್ಲಲಿ. ನಾ ಊರಿಗೆ ಹೋಗೂತನಕ ಆ ಕಪಾಟಾ, ಆ ಹಂಡೇ ಯಾರೂ ಮುಟ್ಟಬಾರದು."

ಅವ್ವನ ಮಾತಿನ ಮೇಲೆ ಮಾತಿಲ್ಲ. ಹೆಂಡತಿ ಕೂತಳು. ನನ್ನ ಗ್ಯಾರೇಜು ಉಳಿಯಿತು. ಅತ್ತೆಯ ಕಾಲಿಗೆ ಬೀಳೋಣ ಅನ್ನಿಸುವಷ್ಟು ಖುಷಿಯಾಯಿತು.

ಎದುರುಮನೆಯವರು ಇಷ್ಟು ಹೊತ್ತೂ ಗ್ಲಾಸಿನ ಮೇಲಿನ ಕಣ್ಣು ತೆಗೆದಿರಲಿಲ್ಲ. ಈಗ ಅದನ್ನು ಒಂದೇ ಬೆರಳಿನಿಂದ, ನಿಧಾನಕ್ಕೆ, ನನ್ನ ಕಡೆ ತಳ್ಳಿದರು.

"ಹಾಗಾದ್ರೆ ಇದನ್ನು ನಾನು ಮುಗಿಸ್ಬೇಕಂತ ಏನಿಲ್ಲ ಅಲ್ವಾ ಮಾರಾಯ್ರೆ?"