ಜಪಾನಿನ ಸಾವಿಗೆ ಘಾಜಿಯಾಬಾದಿನಲ್ಲಿ ಸ್ನಾನ

ನನ್ನ ಕೈಕಾಲು ನಡುಗಿಸಿದ ಪ್ರಸಂಗಗಳೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗಿವೆ: "ಅದನ್ನು ಎಲ್ಲಿಂದ ನೋಡಬೇಕು?"

ಫರೀದಾಬಾದಿನ ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತ, ಅದೇ ಕಾರ್ಖಾನೆಯ ಗೇಟಿನ ಮುಂದೆ ಘೋಷಣೆ ಕೂಗುತ್ತ ತಲೆ ನರೆತವನು ನಾನು. ಶಾಲೆ ನನ್ನನ್ನು ಬೇಗ ಹೊರಗೆ ಹಾಕಿತು. ಓದಿದ್ದೆಲ್ಲ ಆಮೇಲೆ, ನಾನೇ ಓದಿಕೊಂಡಿದ್ದು. ಮಾಲೀಕನಿಗೆ ಹೆದರಿಲ್ಲ, ಲಾಠಿಗೆ ಹೆದರಿಲ್ಲ. ಒಂದು ವರ್ಷ ಕಾರ್ಖಾನೆಗೆ ಬೀಗ ಜಡಿದರು. ಗೇಟಿನ ಎದುರು ಡೇರೆ ಹಾಕಿ ಕೂತ ತಿಂಗಳುಗಳಲ್ಲಿ ಮೊಬೈಲಿನಲ್ಲಿ ಒಂದು ಜಪಾನೀ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ, ನೋಡಿದೆ. ಸಾವಿರ ಕಂತು ದಾಟಿದ್ದು, ಇನ್ನೂ ಮುಗಿಯದ್ದು. ರಾಜರು ಒಂದು ನದಿಯನ್ನೇ ಕದ್ದು ಬಚ್ಚಿಟ್ಟಿದ್ದಾರೆ. ಬಡವರ ಗುಂಪೊಂದು ಗಾಡಿ ಕಟ್ಟಿಕೊಂಡು ಅದನ್ನು ಬಿಡಿಸಲು ಹೊರಟಿದೆ. ಇಷ್ಟೇ ಕಥೆ. ಭಾಷಣಗಳಲ್ಲಿ ಇದನ್ನು ಹೇಳತೊಡಗಿದೆ. ಆಮೇಲೆ ದೆಹಲಿಯ ಕನ್ನಡಿಗರಲ್ಲಿ ಯಾರಿಗೆ ಇದನ್ನು ನೋಡುವ ಆಸೆ ಹುಟ್ಟಿದರೂ ದಾರಿ ಕೇಳಲು ನನ್ನ ಹತ್ತಿರ ಬರುತ್ತಿದ್ದರು.

ಈ ಚಳಿಗಾಲದಲ್ಲಿ ಕೇಳಿದವರು ಘಾಜಿಯಾಬಾದಿನ ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಯ ಅಮ್ಮ. ಎಂಬತ್ತರ ಹತ್ತಿರದ ವಯಸ್ಸು. ಹೃದಯದ ಕವಾಟ ಕೆಟ್ಟಿತ್ತು. ದೆಹಲಿಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕಾದು ಕಾದು ಆಪರೇಷನ್ನಿಗೆ ತಾರೀಖು ಸಿಕ್ಕಿತ್ತು. ತಾರೀಖು ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಅಷ್ಟು ದಿನ ಆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಬಡವರ ಹೃದಯವನ್ನು ಸಾಲಿನಲ್ಲಿ ನಿಲ್ಲಿಸುವ ಈ ವ್ಯವಸ್ಥೆಗೆ ಬೆಂಕಿ ಬೀಳಲಿ. ಆದರೆ ಆ ಸಾಲಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆ ಅನಿಮೆ.

ಹೋಟೆಲಿನಲ್ಲಿ ಪಾಲು

ಅಮ್ಮನಿಗಿಂತ ಮೊದಲು ಬಂದಿದ್ದ ಒಬ್ಬರ ಮಾತು ಹೇಳಿಬಿಡುತ್ತೇನೆ. ಯಾಕೆಂದರೆ ಅಮ್ಮನ ಮಗನಿಗೆ ನನ್ನ ಈ ಅನಿಮೆ ಹುಚ್ಚಿನ ವಿಷಯ ಹೇಳಿದ್ದೇ ಅವರು. ದೆಹಲಿಯಲ್ಲಿ ದೋಸೆ ಹೋಟೆಲ್ ನಡೆಸುವ ಕರಾವಳಿಯ ಸಾಹುಕಾರರು.

"ಸಾವಿರ ಕಂತು ಒಬ್ಬನೇ ನೋಡುವುದುಂಟಾ ಮಾರಾಯ್ರೆ?" ಅಂದರು. "ನನಗೆ ಗಲ್ಲಾ ಯಾರು ನೋಡುವುದು?"

"ಮೊದಲನೆಯ ಕಂತಿನಿಂದ ಶುರು ಮಾಡಿ. ಅವಸರ ಬೇಡ," ಅಂದೆ.

ಅವರು ಹೋಟೆಲಿನ ಲೆಕ್ಕದಲ್ಲಿ ಯೋಚಿಸಿದರು. ಒಬ್ಬ ರುಬ್ಬುತ್ತಾನೆ, ಒಬ್ಬ ಕಾಯಿಸುತ್ತಾನೆ, ಒಬ್ಬ ಬಡಿಸುತ್ತಾನೆ, ಕೆಲಸ ಮುಗಿಯುತ್ತದೆ. ಹಾಗೆಯೇ ಸರಣಿಯನ್ನೂ ಹಂಚಿದರು. ಮೊದಲ ಭಾಗ ದೋಸೆ ಭಟ್ಟರಿಗೆ, ನಡುವಿನದು ವಡೆ ಭಟ್ಟರಿಗೆ, ಉಳಿದದ್ದು ಸಪ್ಲೈಯವರಿಗೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಒಬ್ಬೊಬ್ಬರೂ ಬಂದು ಗಲ್ಲಾದ ಮುಂದೆ ನಿಂತು ತಮ್ಮ ಪಾಲಿನ ಕಥೆ ಸಾಹುಕಾರರಿಗೆ ಒಪ್ಪಿಸಬೇಕು.

ಒಂದು ವಾರಕ್ಕೆ ಸಾಹುಕಾರರ ಫೋನ್ ಬಂತು.

"ನೀವು ಬೇಗ ಬನ್ನಿ. ಅಡುಗೆಮನೆ ನಿಂತಿದೆ."

ದೋಸೆ ಭಟ್ಟರ ಪಾಲಿನಲ್ಲಿ ನಾಯಕನಾಗಿದ್ದವನನ್ನು ವಡೆ ಭಟ್ಟರ ಪಾಲಿನಲ್ಲಿ ನಾಯಕನಾಗಿದ್ದವನು ಬಾವಿಗೆ ತಳ್ಳಿದ್ದ. ದೋಸೆ ಭಟ್ಟರು ಸೌಟು ಕೆಳಗಿಟ್ಟಿದ್ದರು. ಆ ಹೋಟೆಲಿನಲ್ಲಿ ಸಂಘ ಕಟ್ಟಿಸಲು ನಾನು ವರ್ಷಗಟ್ಟಲೆ ಕರಪತ್ರ ಹಂಚಿದ್ದೆ, ಒಬ್ಬನೂ ಅಲ್ಲಾಡಿರಲಿಲ್ಲ. ಈಗ ಹಿಂಬಾಗಿಲಲ್ಲಿ ಪೂರ್ತಿ ಮುಷ್ಕರ! ಬೇಡಿಕೆ ಏನು ಎಂದು ಆಸೆಯಿಂದ ಕೇಳಿದೆ. ಸಂಬಳವೇ? ರಜೆಯೇ?

"ಅದೆಲ್ಲ ಸಾಹುಕಾರರು ಕೊಟ್ಟಾಗ ಕೊಡಲಿ," ಅಂದರು ದೋಸೆ ಭಟ್ಟರು. "ಮೊದಲು ಆ ವಡೆಯವನು ಬಾವಿಗೆ ತಳ್ಳಿದ್ದಕ್ಕೆ ಕ್ಷಮೆ ಕೇಳಬೇಕು."

ಅಧ್ಯಾಯ ಬಿಡಬಾರದು

ಅಮ್ಮನ ಮಗ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರು. ನೆರಳು ಅಲ್ಲಾಡಿದರೂ "ಎಸ್ ಸರ್" ಅನ್ನುವ ಮನುಷ್ಯ. ಆಪರೇಷನ್ನಿನ ಭಯದಲ್ಲಿ ಅಮ್ಮ ಊಟ ಬಿಟ್ಟಿದ್ದರು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಮೊಮ್ಮಗಳು ಟೀವಿಯಲ್ಲಿ ಇದರ ಹಿಂದಿ ಡಬ್ಬಿಂಗ್ ಹಾಕಿದಳು. ಅಜ್ಜಿ ಎರಡು ಕಂತು ನೋಡಿ ಎರಡು ತುತ್ತು ಹೆಚ್ಚಿಗೆ ತಿಂದರಂತೆ. ನನ್ನನ್ನು ಕರೆಸಿದರು.

ಹೊಸಬರಿಗೆ ನಾನು ಹೇಳುವ ಮೊದಲ ಮಾತನ್ನೇ ಅವರಿಗೂ ಹೇಳಿದೆ. "ಅಮ್ಮಾ, ನಡುನಡುವೆ ಫಿಲ್ಲರ್ ಅಂತ ಬರುತ್ತೆ. ಕಥೆ ಮುಂದೆ ಹೋಗುವುದಿಲ್ಲ, ಸುಮ್ಮನೆ ಹೊತ್ತು ಕಳೆಯುವ ಕಂತುಗಳು. ಅವನ್ನು ಬಿಟ್ಟುಬಿಡಿ."

ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಸ್ನಾನ ಮಾಡಿ, ದೀಪ ಹಚ್ಚಿ, ಟೀವಿಗೆ ಅಡ್ಡ ಯಾರೂ ಬರದಂತೆ ಮಣೆ ಹಾಕಿ ಕೂತಿದ್ದರು.

"ಪಾರಾಯಣದಲ್ಲಿ ಅಧ್ಯಾಯ ಬಿಡ್ತಾರೇನೋ?"

"ಇದು ಕಾರ್ಟೂನ್ ಅಮ್ಮ."

"ಶುರು ಮಾಡಿದ ಮೇಲೆ ಯಾವುದಾದರೇನು? ಬಿಡಬಾರದು."

ಮೊಮ್ಮಗಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಂಕಲ್, ಅಜ್ಜಿ ಶುರುವಿನ ಹಾಡೂ ಸ್ಕಿಪ್ ಮಾಡೋಕೆ ಬಿಡಲ್ಲ. ಮಂಗಳಾಚರಣೆ ಹೈ, ಅಂತಾರೆ."

ಮೊದಲ ಸಾವು

ಗಾಡಿಯ ಗುಂಪಿನಲ್ಲಿ ಒಬ್ಬಳು ಮುದುಕಿ ಇದ್ದಳು. ಸತ್ತಳು. ಅಮ್ಮ ದಿನಾ ಆ ಗುಂಪನ್ನು ನೋಡುತ್ತಲೇ ಊಟ ಮಾಡುತ್ತಿದ್ದರು. "ಪಂಕ್ತಿಯಲ್ಲಿ ಕೂತವಳು ಹೋದಳು. ಮೂರು ದಿನ ಸೂತಕ," ಎಂದು ಸಾರಿದರು. ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡರು. ದೀಪ ಇಲ್ಲ, ಒಗ್ಗರಣೆ ಇಲ್ಲ, ಮಗನಿಗೆ ಕ್ಷೌರ ಇಲ್ಲ.

ನನಗೆ ಮೈ ಉರಿಯಿತು. ಈ ಸೂತಕ, ಮಡಿ, ಮೈಲಿಗೆಗಳ ವಿರುದ್ಧ ಗಂಟಲು ಹರಿದುಕೊಂಡವನು ನಾನು. ಆದರೆ ಎದುರಿಗಿದ್ದದ್ದು ಹರಕಲು ಹೃದಯ. ಕೂಗಿದರೆ ನಿಂತೇಹೋದರೆ? ಮೆಟ್ಟಿಲಿಳಿದು ಮನೆಗೆ ಬಂದೆ.

ಮಗ ಗಡ್ಡ ಬಿಟ್ಟುಕೊಂಡೇ ಆಫೀಸಿಗೆ ಹೋದರು. ಸಾಹೇಬರು ಕರೆದು ಕೇಳಿದರು, "ಮನೆಯಲ್ಲಿ ಏನಾದರೂ ಆಯಿತೇ?"

ಸುಳ್ಳು ಹೇಳಲು ಧೈರ್ಯವಿಲ್ಲ, ನಿಜ ಹೇಳಲು ಮುಖವಿಲ್ಲ. "ಅಮ್ಮನಿಗೆ ಬೇಕಾದವರೊಬ್ಬರು ಸರ್... ಜಪಾನಿನಲ್ಲಿ."

ಸಾಹೇಬರು ಇಡೀ ವಿಭಾಗವನ್ನು ಎಬ್ಬಿಸಿ ನಿಲ್ಲಿಸಿ ಮೌನ ಆಚರಿಸಿದರಂತೆ. ಆಮೇಲೆ ಭುಜದ ಮೇಲೆ ಕೈಯಿಟ್ಟು, "ಜಪಾನಿನಲ್ಲಿ ಏನು ಮಾಡಿಕೊಂಡಿದ್ದರು?" ಅಂದರು.

ಪಾಪ, ಇವರಿಗೆ ಬೇರೇನೂ ತೋಚಲಿಲ್ಲ. "ಗಾಡಿ ತಳ್ಳುತ್ತಿದ್ದರು ಸರ್."

ಕಾರಿಗೆ ಘೇರಾವ್

ಅವತ್ತು ಸಂಜೆ ನನಗೆ ಹೊಳೆದದ್ದು ನೆನೆದರೆ ಈಗಲೂ ಬೆವರುತ್ತೇನೆ. ಮುಂದೆ ಗಾಡಿಯವನು ಸಾಯುತ್ತಾನೆ. ಗಾಡಿ ಹೊಡೆಯುವವನು, ಕೈಯಲ್ಲಿದ್ದ ರೊಟ್ಟಿ ಮುರಿದು ಎಲ್ಲರಿಗೂ ಕೊಡುವವನು. ಅಮ್ಮ ಅವನನ್ನು "ನಮ್ಮ ಹುಡುಗ" ಅನ್ನುತ್ತಿದ್ದರು. ಪಂಕ್ತಿಯವಳಿಗೆ ಮೂರು ದಿನವಾದರೆ ಮನೆಮಗನಿಗೆ ಹತ್ತು. ಅಮ್ಮ ನೋಡುತ್ತಿದ್ದ ವೇಗಕ್ಕೆ ಆ ಸಾವು ಸರಿಯಾಗಿ ಆಪರೇಷನ್ನಿನ ವಾರದಲ್ಲೇ ಬಂದು ಬೀಳುತ್ತಿತ್ತು. ಸೂತಕದಲ್ಲಿ ಅಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ತಾರೀಖು ಹೋಗುತ್ತದೆ. ತಾರೀಖಿನ ಹಿಂದೆ ಅಮ್ಮನೂ ಹೋಗುತ್ತಾರೆ.

ಓಡಿಹೋಗಿ ಹೇಳಿದೆ. "ಅಮ್ಮಾ, ನಿಧಾನವಾಗಿ ನೋಡಿ. ಫಿಲ್ಲರುಗಳನ್ನು ಎರಡೆರಡು ಸಲ ನೋಡಿದರೆ ಇನ್ನೂ ಒಳ್ಳೆಯದು."

"ಬಿಟ್ಟುಬಿಡಿ ಅಂದವನೂ ನೀನೇ. ಈಗ ಎರಡು ಸಲ ಅಂತೀಯ. ಮಾಲೀಕನ ಕಡೆ ಸೇರಿಕೊಂಡೆಯೇನೋ ಮುರ್ದಾಬಾದು?"

ಹಿಂದಿಯಲ್ಲಿ ಧಿಕ್ಕಾರ ಕೂಗಿ ಕೂಗಿ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಹೆಸರು ಅದೇ ಆಗಿದೆ. ಗೇಟಿನ ಚೌಕಿದಾರ ಕೂಡ "ಮುರ್ದಾಬಾದ್ ಭಯ್ಯಾ" ಅನ್ನುತ್ತಾನೆ.

ಹೇಗೋ ಅಮ್ಮ ನಿಧಾನಿಸಿದರು. ಇನ್ನು ಉಳಿದದ್ದು ಬೇರೆಯವರ ಬಾಯಿ: ಯಾರಾದರೂ ಆ ಸಾವನ್ನು ಮೊದಲೇ ಹೇಳಿಬಿಟ್ಟರೆ? ಆಪರೇಷನ್ನಿಗೆ ಮೊದಲಿನ ಭಾನುವಾರ ಅಮ್ಮನ ಅಣ್ಣನ ಮಗ, ಬೆಂಗಳೂರಿನ ದೊಡ್ಡ ಅಧಿಕಾರಿ, ಚಾಣಕ್ಯಪುರಿಯ ಅತಿಥಿಗೃಹದಿಂದ ಸರ್ಕಾರಿ ಕಾರಿನಲ್ಲಿ ನೋಡಲು ಬಂದರು. ಹಿಂದಿನ ಸೀಟಿನಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು. ಗುಂಡಿ ಬಿಚ್ಚಿದ ಸ್ವೆಟರಿನೊಳಗೆ ಇಬ್ಬರ ಟೀಶರ್ಟಿನ ಮೇಲೂ ಗಾಡಿಯವನ ಚಿತ್ರ, ಅದಕ್ಕೆ ಹೂವಿನ ಹಾರ!

ನಾನು ಯೋಚಿಸಲಿಲ್ಲ. ಹೋಗಿ ಕಾರಿನ ಮುಂದೆ ಅಂಗಾತ ಮಲಗಿದೆ.

"ಮುರ್ದಾಬಾದ್ ಭಯ್ಯಾ, ಏಳಿ, ಇವರು ವಿಐಪಿ!" ಎಂದು ಚೌಕಿದಾರ ಕೂಗಿದ. ಅಧಿಕಾರಿಗಳು ಗಾಜು ಇಳಿಸಿದರು. ಅವರಿಗೂ ಇದು ಅಭ್ಯಾಸವೇ ಇರಬೇಕು. ಸಮಾಧಾನವಾಗಿ, "ನಿಮ್ಮ ಬೇಡಿಕೆ ಏನಪ್ಪಾ?" ಅಂದರು.

"ಗಾಡಿಯವನು ಚೆನ್ನಾಗಿದ್ದಾನೆ ಅಂತ ನಿಮ್ಮ ಮಕ್ಕಳು ಒಪ್ಪಬೇಕು. ಸ್ವೆಟರ್ ಗುಂಡಿ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಏಳುವುದಿಲ್ಲ."

ಅಧಿಕಾರಿಗಳು ಡ್ರೈವರನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಗಾಡಿಯವರು ಅಂದರೆ ಯಾವ ಇಲಾಖೆಯಯ್ಯ?"

ಹೊರಟ ಟ್ರಾಲಿ

ಗಾಡಿಯವನ ಸುದ್ದಿ ಅಮ್ಮನ ಕಿವಿಗೆ ಬೀಳದೆ ಕೊನೆಗೂ ಆಪರೇಷನ್ನಿನ ಬೆಳಿಗ್ಗೆ ಬಂತು. ಹೊರಗೆ ಮಂಜು ಕವಿದಿತ್ತು. ಅಮ್ಮನಿಗೆ ಆಸ್ಪತ್ರೆಯ ಹಸಿರು ಬಟ್ಟೆ ತೊಡಿಸಿ ಟ್ರಾಲಿಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಮಗ, ಮೊಮ್ಮಗಳು, ನಾನು. ನಮ್ಮ ಹಿಂದೆ ಇನ್ನೊಬ್ಬ ರೋಗಿಯ ಕಡೆಯವರು, ನಮ್ಮ ಸರದಿ ತಪ್ಪಿದರೆ ತಮಗೆ ಸಿಗಲಿ ಎಂದು ಕಣ್ಣಿಟ್ಟು ನಿಂತಿದ್ದರು. ಅವರನ್ನು ಬೈಯಲಾರೆ. ಅವರದೂ ಹೃದಯವೇ.

ಅರಿವಳಿಕೆ ಕೊಡುವ ಎಳೆಯ ಡಾಕ್ಟರು ನಗುನಗುತ್ತ ಬಂದರು. ಮೊಮ್ಮಗಳ ಕೈಚೀಲಕ್ಕೆ ತೂಗುಹಾಕಿದ್ದ ಗಾಡಿಯ ಬೊಂಬೆ ಕಣ್ಣಿಗೆ ಬಿತ್ತು. ಹಿಂದಿಯಲ್ಲಿ, "ಅರೆ, ನೀವೂ ನೋಡ್ತೀರಾ? ಗಾಡಿಯವನು ಸತ್ತಾಗ ನಾನು ವಾರಗಟ್ಟಲೆ ಅತ್ತಿದ್ದೆ!" ಅಂದರು.

ಅಮ್ಮ ಎದ್ದು ಕೂತರು. ದೆಹಲಿಯಲ್ಲಿ ಅರ್ಧ ಆಯುಸ್ಸು ಕಳೆದವರಿಗೆ ಅಷ್ಟು ಹಿಂದಿ ಬಾರದೇ?

"ನಮ್ಮ ಹುಡುಗ ಹೋದನೇ?"

ಮೊಮ್ಮಗಳು ಬೊಂಬೆಯನ್ನು ಕೈಚೀಲದೊಳಗೆ ತುರುಕಿದಳು.

"ಹತ್ತು ದಿನ ಸೂತಕ. ಟ್ರಾಲಿ ತಿರುಗಿಸಿ."

ಹಿಂದಿನವರು ತಮ್ಮ ಟ್ರಾಲಿಯನ್ನು ಒಂದು ಹೆಜ್ಜೆ ಮುಂದೆ ತಳ್ಳಿದರು. ನನಗೆ ಘೋಷಣೆ ಕೂಡ ಮರೆತುಹೋಯಿತು.

ಧರ್ಮಶಾಸ್ತ್ರವನ್ನು ನಾನು ಓದಿದ್ದೇನೆ. ಬೈಯುವುದಕ್ಕೆಂದೇ ಓದಿದ್ದೇನೆ. ಅದು ಈಗ ಕೈಗೆ ಬಂತು. "ಅಮ್ಮಾ, ದೂರದೇಶದ ಸಾವು. ಸುದ್ದಿ ವರ್ಷ ಕಳೆದು ತಲುಪಿದರೆ ಸೂತಕವಿಲ್ಲ, ಒಂದು ಸ್ನಾನ ಸಾಕು. ಹೌದೋ ಅಲ್ಲವೋ?"

ಅಮ್ಮ ಯೋಚಿಸಿದರು. "ಅವನು ಹೋಗಿ ಎಷ್ಟಾಯಿತು?"

"ನಾನಾಗ ಶಾಲೆಯಲ್ಲಿದ್ದೆ," ಅಂದರು ಡಾಕ್ಟರು, ಅಪರಾಧಿಯ ಹಾಗೆ.

"ಹಾಗಾದರೆ ಸ್ನಾನ."

"ಮುಟ್ಟಿದರೆ ನೋಡಿ!" ಎಂದು ನರ್ಸಮ್ಮ ಗದರಿದರು. "ಔಷಧಿ ಹಚ್ಚಿ ಸಿದ್ಧ ಮಾಡಿದ್ದೇವೆ. ಒಂದು ಹನಿ ನೀರು ಸೋಕಬಾರದು."

ಮುಗಿಯಿತು ಅಂದುಕೊಂಡೆ. ಆದರೆ ಅಮ್ಮ ನನಗಿಂತ ಹೆಚ್ಚು ಓದಿದ್ದರು.

"ರೋಗಿಗೆ ಆಗದಿದ್ದರೆ ಗಟ್ಟಿಮುಟ್ಟಾದವರು ಮಾಡಬಹುದು. ಹತ್ತು ಸಲ ಸ್ನಾನ. ಪ್ರತಿ ಸಲವೂ ಬಂದು ನನ್ನನ್ನು ಮುಟ್ಟಬೇಕು." ಬೆರಳು ನನ್ನ ಕಡೆ ತಿರುಗಿತು. "ಗೊತ್ತಿದ್ದೂ ಇಷ್ಟು ದಿನ ಮುಚ್ಚಿಟ್ಟವನು ನೀನು. ನೀನೇ ಹೋಗು."

"ನನ್ನ ಜಾತಿ ಗೊತ್ತಲ್ಲ ಅಮ್ಮ?"

"ಈಗ ನನಗೆ ಬೇಕಾದದ್ದು ನೀರು. ಹೋಗೋ."

ಮುಟ್ಟಬೇಡ ಅನ್ನುವವರ ವಿರುದ್ಧ ಜೀವಮಾನವೆಲ್ಲ ಕೂಗಿದವನು ನಾನು. ಮುಟ್ಟು ಎಂದು ಆಜ್ಞೆ ಮಾಡುವವರ ವಿರುದ್ಧ ಕೂಗಲು ನನ್ನ ಹತ್ತಿರ ಒಂದು ಘೋಷಣೆಯೂ ಇರಲಿಲ್ಲ. ಹತ್ತನ್ನು ಐದಕ್ಕೆ ಇಳಿಸಲು ಚೌಕಾಸಿ ಮಾಡಿದೆ. ಎಂಥೆಂಥ ಮ್ಯಾನೇಜರುಗಳನ್ನು ಬಗ್ಗಿಸಿದ್ದೇನೆ, ಅಮ್ಮ ಬಗ್ಗಲಿಲ್ಲ. ಬಗ್ಗಿದ್ದು ನರ್ಸಮ್ಮ ಮಾತ್ರ: ಮೈ ಬೇಡ, ಕಾಲ ಬಳಿಯ ಕಂಬಳಿಯ ಅಂಚು ಮುಟ್ಟಬಹುದು. ಅಮ್ಮ ಅದಕ್ಕೆ ಒಪ್ಪಿದರು.

ವಾರ್ಡಿನ ಬಚ್ಚಲಲ್ಲಿ ಗೀಸರ್ ಕೆಟ್ಟಿತ್ತು. ಜನವರಿಯ ದೆಹಲಿಯ ನೀರು. ಮೊದಲ ಚೊಂಬಿಗೆ ಉಸಿರು ನಿಂತಿತು. ಟವೆಲ್ ಸುತ್ತಿಕೊಂಡು ಓಡಿ ಬರುವುದು, ಕಂಬಳಿ ಮುಟ್ಟುವುದು, ಮತ್ತೆ ಓಡುವುದು. ಹಿಂದಿನ ರೋಗಿಯ ಕಡೆಯವರು ಮೊದಲು ನಕ್ಕರು, ಆಮೇಲೆ ಎಣಿಸತೊಡಗಿದರು, ಕೊನೆಗೆ ಅವರೇ ಬಕೆಟ್ ತುಂಬಿಸಿಕೊಟ್ಟರು. ಕೊನೆಯ ಸಲ ಬರುವಾಗ ನನಗೆ ಕಾಲಿನ ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ದೊಡ್ಡ ಸರ್ಜನ್ ಬಾಗಿಲು ತೆಗೆದು ಹೊರಗೆ ಬಂದರು. ಟ್ರಾಲಿಯ ಮೇಲೆ ನೆಮ್ಮದಿಯಾಗಿ ಕೂತಿದ್ದ ಅಮ್ಮನನ್ನು ನೋಡಿದರು. ತುಟಿ ನೀಲಿಯಾಗಿ ಗದಗದ ನಡುಗುತ್ತಿದ್ದ ನನ್ನನ್ನು ನೋಡಿದರು.

"ಇವರನ್ನು ಯಾಕೆ ನಡೆಸಿಕೊಂಡು ಬಂದಿರಿ?" ಎಂದು ನರ್ಸಮ್ಮನ ಮೇಲೆ ರೇಗಿದರು. "ಆ ಅಜ್ಜಿಯನ್ನು ಇಳಿಸಿ ಮೊದಲು ಇವರನ್ನು ಮಲಗಿಸಿ!"

ಅಮ್ಮನ ಆಪರೇಷನ್ ಚೆನ್ನಾಗಿ ಆಯಿತು. ನನಗೆ ನ್ಯುಮೋನಿಯಾ ಆಯಿತು. ಅದೇ ಆಸ್ಪತ್ರೆ, ಒಂದು ಮಹಡಿ ಕೆಳಗೆ. ಕೆಮ್ಮಿದಾಗಲೆಲ್ಲ ಸತ್ತೇಹೋಗುತ್ತೇನೆ ಅನ್ನಿಸುತ್ತಿತ್ತು. ಎದ್ದು ಕೂರುವಷ್ಟಾದ ಮೇಲೆ ಅಮ್ಮ ಗಾಲಿಕುರ್ಚಿಯಲ್ಲಿ ನನ್ನನ್ನು ನೋಡಲು ಬಂದರು. ಗಲ್ಲದಲ್ಲಿ ಬಣ್ಣ ಬಂದಿತ್ತು. ನನ್ನ ಹಣೆ ಮುಟ್ಟಿ ನೋಡಿದರು.

"ತುಂಬಾ ಹೆದರಿದ್ದೀಯೇನೋ?"

"ಹೌದಮ್ಮ," ಅಂದೆ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಹೆದರಬೇಡ," ಎಂದು ಅಮ್ಮ ಕೈ ತಟ್ಟಿದರು. "ನೀನೇನು ಗಾಡಿಯವನಲ್ಲ. ನಿನಗೆ ಏನಾದರೂ ಆದರೆ ನಮಗೆ ಒಂದೇ ಸ್ನಾನ."