ಹಸನಬ್ಬನವರ ಐದು ಗುಂಡಿಗಳು

ಅಳತೆಗೆ ಸಿಗದ್ದು ಯಾವುದೂ ಇಲ್ಲವೆಂದು ನಂಬಿದವನ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಗಲ್ಫ್ ನಾಡಿನ ಹಿದ್ ಪಟ್ಟಣದ ಒಂದು ಗೋದಾಮಿನಲ್ಲಿ ನಾನು ಗುಣಮಟ್ಟ ನೋಡುವ ಎಂಜಿನಿಯರ್. ಪೆಟ್ಟಿಗೆಯೊಂದು ಲಾರಿಯಿಂದ ಇಳಿದು ಜಾಗ ಸೇರಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದು ಬರೆದು, ಈಗ ದೋಸೆ ಹೆಂಚಿನಿಂದ ತಟ್ಟೆಗೆ ಬರುವಾಗಲೂ ಗಡಿಯಾರ ನೋಡುತ್ತೇನೆ. ಈ ಚಟ ನಾಲ್ಕು ಜನರಿಗೆ ತಿಳಿದು, ನಮ್ಮ ಕನ್ನಡಿಗರ ಸಮಿತಿಯೊಂದು ನನ್ನನ್ನು ಕರೆಯಿತು. ಮನೆಯಿಂದ ಹೊರಬರಲಾಗದ ಹಿರಿಯರನ್ನು ನೋಡಿಕೊಳ್ಳಲು ಅವರು ಗ್ರೇಸಿ, ಜುಲೈಖಾ ಎಂಬ ಇಬ್ಬರನ್ನು ನೇಮಿಸಿದ್ದರು. "ದುಡ್ಡು ಸಾಲುತ್ತಿಲ್ಲ, ಇನ್ನು ಮುಂದೆ ಒಬ್ಬರನ್ನೇ ಇಟ್ಟುಕೊಳ್ಳಲು ಸಾಧ್ಯ. ಯಾರ ಕೆಲಸ ಚೆನ್ನಾಗಿದೆ, ನೀವೇ ಅಳೆದು ಹೇಳಿ" ಎಂದರು ಅಧ್ಯಕ್ಷರು.

ಸಂತೋಷದಿಂದ ಪಟ್ಟಿ ಮಾಡಿದೆ. ಗ್ರೇಸಿ ದಿನಕ್ಕೆ ಏಳು ಮನೆ, ಜುಲೈಖಾ ಮೂರು. ಗೋದಾಮಿನಲ್ಲಾದರೆ ಇದಕ್ಕೆ ಯೋಚನೆಯೇ ಬೇಡ. ಆದರೆ ಜುಲೈಖಾ, "ಬರೆಯುವ ಮೊದಲು ಒಂದು ಸಲ ನನ್ನೊಟ್ಟಿಗೆ ಬನ್ನಿ ಸರ್" ಎಂದದ್ದರಿಂದ ರಿಫಾದ ಒಂದು ಫ್ಲ್ಯಾಟಿಗೆ ಹೋದೆ. ಅಲ್ಲಿ ಹಸನಬ್ಬ ಎಂಬ ಹಿರಿಯರು. ಮೊದಲು ಅಂಗಡಿ ನಡೆಸಿದವರು; ಲಕ್ವ ಹೊಡೆದು ಬಲಗೈ ಸೋತಿತ್ತು. ಜುಲೈಖಾ ಅವರಿಗೆ ಅಂಗಿ ತೊಡಿಸಿ, ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹಸನಬ್ಬನವರು ಎಡಗೈಯಲ್ಲಿ ಹಾಕಿಕೊಂಡ ಮೊದಲ ಗುಂಡಿಗೇ ಹತ್ತು ನಿಮಿಷ. ತಡೆಯಲಾರದೆ ನಾನು ಕೈ ಚಾಚಿದೆ.

"ಸುಮ್ಮನೆ ಕೂತ್ಕೊಳ್ಳಿ ಸರ್. ಅದು ಕಾಕಾನ ಕೆಲಸ" ಎಂದಳು.

ಐದನೆಯ ಗುಂಡಿ ಬಿದ್ದಾಗ ಹಸನಬ್ಬನವರ ಹಣೆ ಬೆವತಿತ್ತು. "ಸೊಸೆ ಗುಂಡಿ ಹಾಕುವಾಗ ನಾಚಿಕೆ ಆಗ್ತಿತ್ತು ಮಾರಾಯ್ರೆ. ಜುಮ್ಮಾ ನಮಾಜಿಗೆ ಹೋಗುವುದನ್ನೇ ಬಿಟ್ಟಿದ್ದೆ. ಈಗ ಪುನಃ ಹೋಗ್ತೇನೆ" ಎಂದರು. ನನ್ನ ಪಟ್ಟಿಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ.

ಜಿಂಜ್‌ನಲ್ಲಿ ಸಮಿತಿಯ ಸಭೆ ಸೇರಿತು. ನಾನು ಕಂಡದ್ದನ್ನು ಹೇಳಿದೆ. ಖಜಾಂಚಿ, "ಕತೆ ಚಂದ ಉಂಟು, ಆದರೆ ಮೂರು ಅಂದ್ರೆ ಮೂರೇ ಅಲ್ವಾ?" ಎಂದರು. ಆಗ ಮಗನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹಸನಬ್ಬನವರು ಎದ್ದು ನಿಂತರು. ಮಗನ ಕೈಯಲ್ಲಿ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿಸಿ, "ನನ್ನನ್ನೂ ಅಳೀರಿ" ಎಂದು ಶುರು ಮಾಡಿದರು. ಸಭೆ ಕಾಯಿತು. ಖಜಾಂಚಿಯ ಫೋನು ಬಡಿದುಕೊಂಡಿತು. ಅವರೇ ಅದರ ಬಾಯಿ ಮುಚ್ಚಿಸಿದರು. ಐದನೆಯ ಗುಂಡಿಗೆ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

ಗ್ರೇಸಿ ಕಣ್ಣೊರೆಸಿಕೊಂಡು, "ನನಗೂ ಹಾಗೆ ಕೂರಲಿಕ್ಕೆ ಮನಸ್ಸುಂಟು ಸರ್. ನೀವು ಕೇಳಿದ್ದು ಎಷ್ಟು ಮನೆ ಅಂತ ಮಾತ್ರ" ಎಂದಳು. ನಾನು ನನ್ನ ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ. ಅಧ್ಯಕ್ಷರು ತೀರ್ಮಾನ ಹೇಳಿದರು: ಈ ವರ್ಷ ವಾರ್ಷಿಕೋತ್ಸವದ ಭೋಜನ ರದ್ದು, ಆ ದುಡ್ಡಿನಲ್ಲಿ ಇಬ್ಬರೂ ಉಳಿಯುತ್ತಾರೆ. ಭೋಜನಪ್ರಿಯರಾದ ನಮ್ಮವರು ಅದಕ್ಕೂ ಕೈ ಎತ್ತಿದರು.

ಹಿರಿಯರು ಈಗ ತಾವಾಗಿಯೇ ಏನೇನು ಮಾಡಿಕೊಳ್ಳುತ್ತಾರೆಂದು ಕೇಳುವ ಹೊಸ ಪಟ್ಟಿಯ ಹೊಣೆ ನನಗೇ ಬಂತು. ಕೋಟೆ ಗೆದ್ದವನಂತೆ ಮುಂದಿನ ಶುಕ್ರವಾರ ಬೆಳಿಗ್ಗೆ ಹೊರಟು, ಸಂಜೆ ಮನೆಗೆ ಮರಳಿದೆ.

"ಎಷ್ಟು ಮನೆ ಆಯ್ತು?" ಎಂದಳು ಹೆಂಡತಿ.

"ಅರ್ಧ" ಎಂದೆ. "ಮೊದಲ ಮನೆಯ ಅಜ್ಜಿ ಕತೆ ಹೇಳುತ್ತಾ ಇನ್ನೂ ತಮ್ಮ ಮದುವೆಯ ದಿಬ್ಬಣದಲ್ಲೇ ಇದ್ದಾರೆ. ನಾಳೆ ಊಟಕ್ಕೂ ಬರಲು ಹೇಳಿದ್ದಾರೆ."