ಪೇಟೆ ಬೀದಿಯ ಕೊಳಾಯಿಯಲ್ಲಿ ವಾಸವಾಗಿರುವ ಕಪ್ಪೆಯವರಿಗೆ

ಕೆಂಚನಕುಂಟೆ ಪೇಟೆ, ಕೋಲಾರ ಜಿಲ್ಲೆ
ಬಹುಧಾನ್ಯ ಸಂವತ್ಸರದ ಆಷಾಢ, 1938

ಕೊಳವೆಯೊಳಗೆ ಅರಮನೆ ಮಾಡಿಕೊಂಡು, ಗುಡ್ಡದ ಮೇಲಿನ ತೊಟ್ಟಿಯಿಂದ ಪೇಟೆ ಬೀದಿಯ ಕೊನೆಯವರೆಗೆ ಯಾರ ಅಪ್ಪಣೆಯೂ ಬೇಕಿಲ್ಲದೆ ಸಂಚಾರ ಮಾಡುತ್ತಿರುವ ಮಹಾರಾಜಶ್ರೀ ಕಪ್ಪೆಯವರ ಸನ್ನಿಧಾನಕ್ಕೆ, ಅದೇ ಬೀದಿಯಲ್ಲಿ ಕಾಫಿ ಹೋಟೆಲು ನಡೆಸುವ ಚನ್ನರಾಯಪ್ಪ ಕೈಮುಗಿದು ಮಾಡುವ ಅರಿಕೆ. ಕಾಗದದ ಮೊದಲಿಗೆ ಇತ್ತ ಕಡೆ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ತಾವು ಸ್ನಾನ ಮಾಡಿ ಬಿಟ್ಟ ನೀರನ್ನೇ ನಾವು ಇಷ್ಟು ದಿನ ಕುಡಿದಿರುವುದರಿಂದ ನಮ್ಮ ಕ್ಷೇಮಸಮಾಚಾರ ನಮಗಿಂತ ತಮಗೇ ಚೆನ್ನಾಗಿ ತಿಳಿದಿರಬೇಕು.

ಮಾನ್ಯರೇ,

ಇದನ್ನು ತಮಗೆ ಖಾಸಗಿಯಾಗಿಯೇ ಬರೆಯಬೇಕೆಂದಿದ್ದೆ. ಲಕೋಟೆಯ ಮೇಲೆ ತಮ್ಮ ವಿಳಾಸ ಬರೆದು ಅಂಚೆಯ ದೊಡ್ಡಮುನಿಯಪ್ಪನ ಕೈಗೆ ಕೊಟ್ಟರೆ, ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಪ್ಪೆಗೆ ಕಾಗದಾನಾ ಚನ್ನರಾಯಪ್ನೋರೆ? ಮನೇಲಿದ್ರೆ ಕೊಡ್ಬೋದು, ತೊಟ್ಟಿ ಕಡೆ ಹೋಗಿದ್ರೆ ನಾನೆಲ್ಲಿ ಹುಡುಕ್ಲಿ?" ಎಂದು ವಾಪಸು ಮಾಡಿದ. ಆದಕಾರಣ ಊರಿಗೆಲ್ಲ ಕಾಣುವಂತೆ ಈ ಪತ್ರವನ್ನು ಅನ್ನದ ಗಂಜಿ ಬಳಿದು ಕೊಳಾಯಿಯ ಕಂಬಕ್ಕೇ ಅಂಟಿಸುತ್ತಿದ್ದೇನೆ. ತಾವು ಹೊರಗೆ ದಯಮಾಡಿಸಿದಾಗ ಓದಿಕೊಳ್ಳಬಹುದು. ಓದು ಬಾರದಿದ್ದರೆ ಅದಕ್ಕಾಗಿ ಸಂಕೋಚಪಡಬೇಡಿ. ಓದು ಬಲ್ಲವರು ಓದುವ ರೀತಿ ಹೇಗಿದೆ ಎಂಬುದನ್ನು ಮುಂದೆ ತಾವೇ ನೋಡುವಿರಿ.

ತಾವು ನಮ್ಮ ಊರಿಗೆ ಕರೆಯದೆ ಬಂದವರಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ಕೆರೆಯಂಗಳದ ಬಾವಿಗೆ ಎಣ್ಣೆ ಇಂಜಿನ್ನು ಕೂರಿಸಿ, ಗುಡ್ಡದ ಮೇಲೆ ತೊಟ್ಟಿ ಕಟ್ಟಿ, ಬೀದಿಗೆ ಕೊಳವೆ ಎಳೆದು, ಮಾವಿನ ತೋರಣದ ಕೆಳಗೆ ನಮ್ಮ ಮುನಿಸಿಪಾಲಿಟಿಯವರು ಕೊಳಾಯಿ ತಿರುಗಿಸಿದಾಗ, ತೊಟ್ಟಿಗೆ ಒಳ್ಳೆಯ ಕಬ್ಬಿಣದ ಮುಚ್ಚಳವೂ ಇತ್ತು. ಸಮಾರಂಭಕ್ಕೆಂದು ಆ ಮುಚ್ಚಳವನ್ನು ಕೆಳಗಿಳಿಸಿ, ಹಸಿರು ಬಣ್ಣ ಹೊಡೆದು, "ಪರಿಶುದ್ಧ ಕುಡಿಯುವ ನೀರು" ಎಂದು ಬಿಳಿಯ ಅಕ್ಷರಗಳಲ್ಲಿಯೂ, ಅದರ ಕೆಳಗೆ ಅಧ್ಯಕ್ಷರ ಹೆಸರನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿಯೂ ಬರೆಸಿದರು. ಅದು ಎಷ್ಟು ಚೆನ್ನಾಗಿ ಬಂತೆಂದರೆ, ಮತ್ತೆ ಗುಡ್ಡಕ್ಕೆ ಹೊರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಮುನಿಸಿಪಾಲಿಟಿ ಕಚೇರಿಯ ಬಾಗಿಲ ಮೇಲೆ, ಸೂರು ಸೋರುತ್ತಿದ್ದ ಕಡೆ, ಬೋರ್ಡಾಗಿ ಮೊಳೆ ಹೊಡೆಸಿದರು. ಅಲ್ಲಿಂದೀಚೆಗೆ ಕಚೇರಿಯೊಳಕ್ಕೆ ಒಂದು ಹನಿ ಮಳೆಯೂ ಬೀಳದೆ, ತೊಟ್ಟಿಯೊಳಕ್ಕೆ ಬೀಳದೆ ಇರುವುದು ಯಾವುದೂ ಇಲ್ಲದೆ, ಎರಡು ಕಡೆಯೂ ಕೆಲಸ ಸಾಂಗವಾಗಿ ನಡೆದಿದೆ. ಇನ್ನು ಬೀದಿಯ ಕೊಳಾಯಿಯ ಹಿತ್ತಾಳೆ ತಿರುಪು ದೀಪಾವಳಿಯ ಹೊತ್ತಿಗೆ ಯಾರದೋ ಮನೆ ಸೇರಿತು. ಈಗ ಕೊಳವೆಯ ಬಾಯಿಗೆ ಮರದ ಬಿರಡೆ. ಮೇಲೆ ಬಾಗಿಲಿಲ್ಲ, ಕೆಳಗೆ ಚಿಲಕವಿಲ್ಲ. ಇಂಥ ಮನೆ ಸಿಕ್ಕಿದರೆ ತಾವಿರಲಿ, ನಾನೂ ಸಂಸಾರ ಹೂಡುತ್ತಿದ್ದೆ.

ತಮ್ಮ ದರ್ಶನಭಾಗ್ಯ ಮೊದಲು ಲಭಿಸಿದ್ದು ಸೊಪ್ಪು ಮಾರುವ ಬಚ್ಚಮ್ಮನಿಗೆ. ಬಿಂದಿಗೆಯೊಳಗಿಂದ ತಾವು ತಲೆಯೆತ್ತಿ ನೋಡಿದಿರಂತೆ. ಆಕೆ ಬಿಂದಿಗೆ, ಸೊಪ್ಪಿನ ಬುಟ್ಟಿ, ಎಡಗಾಲಿನ ಚಪ್ಪಲಿ ಮೂರನ್ನೂ ಬಿಟ್ಟು ಓಡಿದಳು. ಎರಡನೆಯ ದರ್ಶನ ನನ್ನ ಹೋಟೆಲಿನಲ್ಲಿ, ಶಾಲೆಯ ಸುಬ್ಬರಾಯಪ್ಪ ಮೇಷ್ಟ್ರ ನೀರಿನ ಲೋಟದಲ್ಲಿ. ಆ ಮಹನೀಯರು ಕನ್ನಡಕ ಸರಿಮಾಡಿಕೊಂಡು, "ಚನ್ನರಾಯಪ್ಪ, ಇದಕ್ಕೆ ಬಿಲ್ಲು ಬೇರೆ ಏನಾದ್ರೂ ಆಗುತ್ತೇನಯ್ಯ?" ಎಂದು ಕೇಳಿದರು. ಅಂದಿನಿಂದ ತಮ್ಮ ಬಂಧುಬಳಗವೂ ಬರತೊಡಗಿತು. ತಮ್ಮ ಸಹವಾಸದಿಂದ ನೀರಿಗೂ ಒಂದು ರಂಗು ಬಂದಿದೆ: ಬೆಳಿಗ್ಗೆ ರಾಗಿ ಅಂಬಲಿಯ ಬಣ್ಣ, ಮಧ್ಯಾಹ್ನ ಟೀ ಬಣ್ಣ, ಸಂಜೆಗೆ ನನ್ನ ಕಾಫಿಗಿಂತ ಗಟ್ಟಿ. ಡಿಕಾಕ್ಷನ್ನು ಕಡಿಮೆ ಹಾಕಿದ ದಿನ ಗಿರಾಕಿಗಳು ಕಾಫಿ ಈಹೊತ್ತು ಚೆನ್ನಾಗಿದೆ ಎಂದು ಹೊಗಳಿದರೆ ನಾನು ಯಾರಿಗೆ ಕೃತಜ್ಞನಾಗಿರಬೇಕು ಎಂಬುದು ನನಗೆ ಗೊತ್ತಿದೆ.

ಇಲ್ಲಿಯವರೆಗೆ ನಗುತ್ತಲೇ ಇದ್ದೆ ಸ್ವಾಮಿ. ಆಮೇಲೆ ದಿಲ್ಷಾದಳ ಸಂಗತಿ ನಡೆಯಿತು. ನಮ್ಮ ಎದುರುಮನೆಯ ನಬೀ ಸಾಬರು ಪಾತ್ರೆಗೆ ಕಲಾಯಿ ಹಾಕುವವರು. ಅವರ ಕಲಾಯಿ ಬಿದ್ದ ಚೆಂಬಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅಂಥ ಕಲಾಯಿಯ ಚೆಂಬಿಗೆ ನಮ್ಮ ಕೊಳಾಯಿಯ ನೀರು ಹಿಡಿದರೆ ತಳ ಕಾಣುವುದಿಲ್ಲ. ಅದನ್ನು ಕುಡಿದ ಅವರ ಮೊಮ್ಮಗಳು ದಿಲ್ಷಾದ್, ಐದು ವರ್ಷದ ಕೂಸು, ದಿನಾ ಬೆಳಿಗ್ಗೆ ನನ್ನ ಹೋಟೆಲಿನ ಮೆಟ್ಟಿಲ ಮೇಲೆ ಕೂತು ಇಡ್ಲಿಯ ಹಬೆಗೆ ಬಾಯಿ ಒಡ್ಡಿ ನಗುವ ಹುಡುಗಿ, ವಾಂತಿ ಭೇದಿಯಾಗಿ ಬಾಡಿದ ಸೊಪ್ಪಿನಂತೆ ಮಲಗಿಬಿಟ್ಟಳು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಲೆ ಹಚ್ಚುವುದಕ್ಕೂ ಮನಸ್ಸು ಬರಲಿಲ್ಲ. ಔಷಧಿ ಕೊಟ್ಟ ಡಾಕ್ಟರು ತಮ್ಮ ಮೇಲೆ ತಪ್ಪು ಹೊರಿಸಲಿಲ್ಲ ಎಂಬುದನ್ನೂ ಹೇಳಲೇಬೇಕು; "ಕಪ್ಪೆ ಪಾಪದ್ದು. ಆದ್ರೆ ಕಪ್ಪೆ ಬರೋ ದಾರೀಲಿ ಇನ್ನೇನೇನು ಬರುತ್ತೋ ನೋಡ್ಕೊಳ್ಳಿ" ಎಂದಷ್ಟೇ ಅಂದರು. ದೇವರು ದೊಡ್ಡವನು, ಮಗು ಎದ್ದಳು. ಅಂದಿನಿಂದ ಕುಡಿಯುವ ನೀರಿಗೆ ಬೀದಿಯವರೆಲ್ಲ ನಬೀ ಸಾಬರ ತಾತ ತೋಡಿಸಿದ ಹಳೆಯ ಸಿಹಿನೀರು ಬಾವಿಗೇ ಹಗ್ಗ ಇಳಿಸುತ್ತಿದ್ದೇವೆ.

ಆಗಲೇ ಎಲ್ಲರೂ ಸೇರಿ ಜಿಲ್ಲಾ ಕಚೇರಿಯ ಸಾಹೇಬರಿಗೆ ಒಂದು ಅರ್ಜಿ ಹಾಕುವುದೆಂದು ನಿಶ್ಚಯಿಸಿದೆವು. ಅರ್ಜಿ ಬರೆಯುವ ಆವಲಪ್ಪನ ಮುಂದೆ ನಮ್ಮ ಬೀದಿಯ ಹಿರಿಯಳು ದೊಡ್ಡವೆಂಕಟಮ್ಮ ನಿಂತು, "ಕೊಳಾಯಿಲೋ ರೋಜೂ ಕಪ್ಪ ವಸ್ತಾ ಉಂದಪ್ಪಾ, ಒಕ್ಕೊಕ್ಕ ದಿನಂ ರೆಂಡು ರೆಂಡು" ಎಂದು ದೂರು ಹೇಳಿದಳು. ತಮಗೆ ತಿಳಿದಿರುವಂತೆ ನಮ್ಮ ಊರಿನಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ತಾವು ಹೊಸ್ತಿಲೊಳಗೆ ಕಪ್ಪ, ಹೊಸ್ತಿಲಾಚೆ ಕಪ್ಪೆ. ಆವಲಪ್ಪ ತಲೆಯಾಡಿಸಿಕೊಂಡು, "ಕೊಳಾಯಿಯಲ್ಲಿ ಪ್ರತಿದಿನವೂ ಕಪ್ಪ ಬರುತ್ತಿದೆ, ಒಂದೊಂದು ದಿನ ಎರಡೆರಡು ಬರುವುದುಂಟು, ನಾವು ಹಳೆಯ ಬಾವಿಯ ನೀರು ಸೇದಿ ಕುಡಿಯುತ್ತಿದ್ದೇವೆ" ಎಂದು ದುಂಡಗೆ ಬರೆದ. ನಾವೆಲ್ಲ ಓದಿಸಿ ಕೇಳಿ, ಭೇಷ್ ಎಂದು, ರುಜು ಬಲ್ಲವರು ರುಜು ಹಾಕಿ ಉಳಿದವರು ಹೆಬ್ಬೆಟ್ಟು ಒತ್ತಿದೆವು. ಅದರಲ್ಲಿ ತಪ್ಪಿದೆಯೆಂದು ಒಬ್ಬರಿಗೂ ಹೊಳೆಯಲಿಲ್ಲ.

ಆದರೆ ಸಾಹೇಬರು ಮೈಸೂರಿನವರು, ಅಚ್ಚ ಕನ್ನಡದವರು. ಅವರ ಕನ್ನಡದಲ್ಲಿ ಕಪ್ಪವೆಂದರೆ ಪ್ರಜೆಗಳು ಪ್ರಭುವಿಗೆ ಒಪ್ಪಿಸುವ ಕಾಣಿಕೆ. ಬಂದ ಜವಾಬನ್ನು ತಮ್ಮ ಅವಗಾಹನೆಗಾಗಿ ಇದ್ದಂತೆ ಬರೆಯುತ್ತೇನೆ: "ಸದರಿ ಬೀದಿಯ ಕೊಳಾಯಿಯಲ್ಲಿ ಪ್ರತಿನಿತ್ಯವೂ ಕಪ್ಪ ಬರುತ್ತಿರುವ ವಿಚಾರ ತಿಳಿದು ಪರಮಾನಂದವಾಯಿತು. ಬೇರೆ ಊರುಗಳಲ್ಲಿ ವರ್ಷಕ್ಕೊಮ್ಮೆ ಬರುವುದೂ ದುಸ್ತರವಾಗಿರುವಾಗ, ತಮ್ಮಲ್ಲಿ ಎರಡೆರಡು ಬರುವುದೆಂಬುದು ಇತರರಿಗೆ ಮೇಲ್ಪಂಕ್ತಿಯಾಗತಕ್ಕದ್ದು. ಇಷ್ಟು ಭಕ್ತಿಗೆ ಪಾತ್ರವಾದ ಕೊಳಾಯಿ ಇರುವಲ್ಲಿ ಹಳೆಯ ಬಾವಿಯ ಅಗತ್ಯ ಕಾಣುವುದಿಲ್ಲ. ಬರುವ ಶುಕ್ರವಾರ ಖುದ್ದು ಬಂದು, ಕಪ್ಪವನ್ನು ಕಣ್ಣಾರೆ ನೋಡಿ, ಸದರಿ ಬಾವಿಯನ್ನು ಮುಚ್ಚಿಸಲಾಗುವುದು."

ಕಪ್ಪೆಯವರೇ, ಹೀಗೆ ತಾವು ನಮ್ಮ ಬಾವಿಯನ್ನು ನುಂಗುವ ಹಂತಕ್ಕೆ ಬಂದಿದ್ದೀರಿ. ಮುಚ್ಚುವುದಕ್ಕೆ ಗಾಡಿ ಗಾಡಿ ಮಣ್ಣು ಆಗಲೇ ಬಂದು ಬಾವಿಯ ಪಕ್ಕದಲ್ಲಿ ಬಿದ್ದಿದೆ. ದಿಲ್ಷಾದ್ ಅದರ ಮೇಲೆ ಹತ್ತಿ ಜಾರಿ ಆಡುತ್ತಿದ್ದಾಳೆ. ಅವಳ ತಾತ ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು, ಕಾಫಿ ಆರಿಹೋದರೂ ಮುಟ್ಟದೆ, "ಬಾವಿ ಹೋದ್ರೆ ಹೋಗ್ಲಿ ಚನ್ನರಾಯಪ್ನೋರೆ, ನಮ್ ತಾತಂದು ಹೆಸ್ರು ಹೋದ್ರೂ ಹೋಗ್ಲಿ. ಮಗೂಗೆ ಏನು ಕುಡಿಸ್ಲಿ, ಅದೊಂದು ಹೇಳ್ರಿ" ಎಂದು ಕೇಳಿದರು. ನಾನು ಆರಿದ ಕಾಫಿ ಚೆಲ್ಲಿ ಬಿಸಿ ಕಾಫಿ ತಂದಿಟ್ಟೆ.

ತಪ್ಪು ತಿದ್ದದೆ ನಾವು ಸುಮ್ಮನೆ ಕೂತಿರಲಿಲ್ಲ. ನಮ್ಮ ಊರಿನ ಹೆಲ್ತ್ ಇನ್ಸ್‌ಪೆಕ್ಟರನ್ನು ಕೈಹಿಡಿದು ಕರೆತಂದು ಕೊಳಾಯಿಯ ಮುಂದೆ ನಿಲ್ಲಿಸಿದೆವು. ಬಿರಡೆ ತೆಗೆದದ್ದೂ ಆಯಿತು, ಗಾಜಿನ ಲೋಟ ಹಿಡಿದದ್ದೂ ಆಯಿತು. ಆ ಹೊತ್ತಿನಲ್ಲಿ ತಾವೆಲ್ಲಿದ್ದಿರಿ? ತೊಳೆದ ಮುತ್ತಿನಂಥ ನೀರು ಬಂತು! ಅವರು ಬಿಸಿಲಿಗೆ ಹಿಡಿದು ನೋಡಿ, ಒಂದೇ ಗುಟುಕಿಗೆ ಕುಡಿದು, "ಏನ್ರೀ, ಬರೀ ಪುಕಾರು" ಎಂದು ಸೈಕಲ್ಲು ಹತ್ತಿದರು. ಬಡವರ ಬಿಂದಿಗೆಗೆ ಸಂಸಾರಸಮೇತ ಬರುವ ತಾವು ಅಧಿಕಾರಿಗಳ ಲೋಟ ಕಂಡರೆ ಮಾತ್ರ ಗೊದಮೊಟ್ಟೆಯಂತೆ ಅವಿತುಕೊಳ್ಳುವುದು ತಮ್ಮ ಗೌರವಕ್ಕೆ ತಕ್ಕದ್ದಲ್ಲ. ಇದೇ ನನ್ನ ಮುಖ್ಯ ದೂರು. ಸರ್ಕಾರಿ ನೌಕರರು ಕೂಡ ಇಷ್ಟು ಚುರುಕಾಗಿ ಮರೆಯಾಗುವುದನ್ನು ನಾನು ಕಂಡಿಲ್ಲ.

ಆದ್ದರಿಂದ ಬರುವ ಶುಕ್ರವಾರ ಸಾಹೇಬರ ಕಾರು ಬಂದು ನಿಂತ ಕೂಡಲೇ ತಾವು ದಯವಿಟ್ಟು ಹೊರಬಂದು ಎಲ್ಲರಿಗೂ ಕಾಣುವಂತೆ ಕಂಬದ ಮೇಲೆ ಕೂರಬೇಕು. ಸಾಧ್ಯವಾದರೆ ಮನೆಯವರನ್ನೂ ಮಕ್ಕಳನ್ನೂ ಜೊತೆಗೆ ತರಬೇಕು. ಎರಡು ಮಾತಿನ ಭಾಷಣವನ್ನೂ ಮಾಡಬೇಕು. ವಟಗುಟ್ಟುವುದು ತೆಲುಗಿಗೂ ಕನ್ನಡಕ್ಕೂ ಒಂದೇ ಆದ್ದರಿಂದ ಸಾಹೇಬರು ಈ ಸಲ ತಪ್ಪು ತಿಳಿಯಲಾರರು. ಬಾವಿ ಉಳಿದದ್ದೇ ಆದರೆ ತಮ್ಮನ್ನೂ ಕೈಬಿಡುವುದಿಲ್ಲ: ಮುಚ್ಚಳ ತೊಟ್ಟಿಗೆ ಹೋದ ಮೇಲೆ ಮುನಿಸಿಪಾಲಿಟಿ ಕಚೇರಿ ಸೋರತೊಡಗುತ್ತದೆ, ಆ ಜಗುಲಿಯಲ್ಲಿ ನಿಲ್ಲುವ ನೀರನ್ನೆಲ್ಲ ತಮಗೂ ತಮ್ಮ ಸಂತಾನಕ್ಕೂ ಬಿಡಿಸಿಕೊಡುವ ಭಾರ ನನ್ನದು. ಅಲ್ಲಿ ತಮ್ಮನ್ನು ಯಾರೂ ಎಬ್ಬಿಸುವುದಿಲ್ಲ, ಯಾರೂ ಎದ್ದು ಬರುವುದೂ ಇಲ್ಲ.

ಬಿರಡೆಯ ಈಚೆ ಬದಿಯಲ್ಲಿ ಕಾದು ಕುಳಿತಿರುವ, ತಮ್ಮ ವಿಶ್ವಾಸಿ,
ಚನ್ನರಾಯಪ್ಪ
ಕಾಫಿ ಹೋಟೆಲು, ಪೇಟೆ ಬೀದಿ

ಮರೆತ ಮಾತು: ಶುಕ್ರವಾರ ಕಳೆದ ಮೇಲೆ ಅದೇ ಕಂಬಕ್ಕೆ ಇದನ್ನೂ ಅಂಟಿಸುತ್ತಿದ್ದೇನೆ. ಸಾಹೇಬರು ಬರುತ್ತಾರೆಂದು ಮುನಿಸಿಪಾಲಿಟಿಯವರು ಬೆಳಿಗ್ಗೆ ಬಿರಡೆ ಕಿತ್ತು ಹೊಸ ಹಿತ್ತಾಳೆ ಕೊಳಾಯಿ ಹಾಕಿಬಿಟ್ಟರು, ತಮ್ಮ ಹೆಬ್ಬಾಗಿಲು ಮುಚ್ಚಿಹೋಯಿತು. ಎಲ್ಲ ಮುಗಿಯಿತೆಂದುಕೊಂಡೆ. ಆದರೆ ಅದಕ್ಕೂ ಮುಂಚೆಯೇ ಪಾತ್ರೆ ತೊಳೆಯುವ ನೀರಿಗೆಂದು ಕೊಳಾಯಿಗೆ ಹೋಗಿದ್ದ ದೊಡ್ಡವೆಂಕಟಮ್ಮನ ತಂಬಿಗೆಯಲ್ಲಿ ತಾವು ಬಂದು ಕೂತಿದ್ದು ನನಗೇನು ಗೊತ್ತು? ಸಾಹೇಬರು ಹಾರ ಹಾಕಿಸಿಕೊಂಡು ನಿಂತಿದ್ದಾಗ ಆಕೆ ತಂಬಿಗೆಯ ಬಾಯಿಗೆ ಸೆರಗು ಮುಚ್ಚಿಕೊಂಡು ಜನರನ್ನು ಸರಿಸುತ್ತ ಮುಂದೆ ಬಂದು, "ಕಪ್ಪ ತಂದಿದೀನಿ ಸಾಮೀ, ತಗೊಳ್ಳಿ" ಎಂದಳು. ಸಾಹೇಬರು ದೊಡ್ಡ ನಡತೆಯವರು; ಪ್ರಜೆಗಳ ಕಪ್ಪವೆಂದ ಮೇಲೆ ಟೋಪಿ ತೆಗೆದು, ಬಾಗಿ, ಎರಡೂ ಕೈ ಒಡ್ಡಿದರು. ಆಕೆ ಸೆರಗು ಸರಿಸಿ ತಂಬಿಗೆ ಬಗ್ಗಿಸಿದಳು. ಮುಂದಿನದು ತಮಗೆ ಗೊತ್ತೇ ಇದೆ. ಸಾಹೇಬರು ಮೂರು ಮಾರು ಹಿಂದಕ್ಕೆ ನೆಗೆದು, ಕೈ ತೊಳೆಯಲು ನೀರು ನೀರು ಎಂದರು, ಅಧ್ಯಕ್ಷರು ಹೊಸ ಕೊಳಾಯಿ ತಿರುಗಿಸಿದರೆ, "ಅದು ಬೇಡ್ರೀ! ಬಾವೀದು ತನ್ನಿ, ಬಾವೀದು!" ಎಂದು ಊರೆಲ್ಲ ಕೇಳುವಂತೆ ಕೂಗಿದರು. ನಬೀ ಸಾಬರೇ ಒಂದು ಕೊಡ ಸೇದಿ ಅವರ ಕೈಮೇಲೆ ಹೊಯ್ದರು. ಕೈ ತೊಳೆದು, ಮುಖ ತೊಳೆದು, ಎರಡು ಬೊಗಸೆ ಕುಡಿದವರು ಆ ಬಾಯಿಂದ ಬಾವಿ ಮುಚ್ಚಿ ಎಂದು ಹೇಗೆ ಹೇಳಿಯಾರು? ಬೋರ್ಡು ಇಳಿದು ಗುಡ್ಡಕ್ಕೆ ಹೋಗಿ ಮತ್ತೆ ಮುಚ್ಚಳವಾಯಿತು. ಈಗ ಅಧ್ಯಕ್ಷರ ಹೆಸರನ್ನು ಕಾಗೆಗಳು ಓದುತ್ತಿವೆ. ದಿಲ್ಷಾದ್ ಬಾವಿಯ ನೀರು ಕುಡಿದು ಇಡ್ಲಿಯ ಹಬೆ ನೋಡಲು ಬಂದು ಕೂತಿದ್ದಾಳೆ. ಒಂದೇ ಒಂದು ಬಾಕಿ: ಊರೆಲ್ಲ ನೋಡುತ್ತಿರುವಾಗ ಕಪ್ಪ ಸಂದಾಯವಾಗಿದೆ, ಕಚೇರಿಯಿಂದ ರಶೀದಿ ಮಾತ್ರ ಇನ್ನೂ ಬಂದಿಲ್ಲ.